ಕಾರ್ + ಪೆಟ್ = ಕಾರ್ಪೆಟ್? ಇಂಗ್ಲಿಷ್ ಪದ ಕಾಂಪೌಂಡ್ ಹೌದೋ ಅಲ್ಲವೋ ತಿಳಿಯುವುದು ಹೇಗೆ

ಪೆರ್ಲ_ಟೀಚರ್
ಕನ್ನಡ ಮಾಧ್ಯಮದ ಆರನೇ ಕ್ಲಾಸಿನಲ್ಲಿ ಕಾಂಪೌಂಡ್ ವರ್ಡ್ (ಎರಡು ಪದ ಕೂಡಿ ಆದ ಒಂದು ಪದ) ಪಾಠ ನಡೆಯುತ್ತಿದೆ. "ಒಳಗೆ ಎರಡು ಪದ ಕಂಡರೆ ಕಾಂಪೌಂಡ್" ಎಂದರೆ ಮಕ್ಕಳು ಕಾರ್ಪೆಟ್, ಸೀಸನ್, ಕೇರ್‌ಫುಲ್ ಎಲ್ಲವನ್ನೂ ಪಟ್ಟಿಗೆ ಸೇರಿಸುತ್ತಾರೆ. ಬಸ್ ಸ್ಟಾಪ್ ನಡುವೆ ಜಾಗ ಇದೆಯೆಂದು ಅದನ್ನು ಬಿಡುತ್ತಾರೆ. ನಂಬಬಹುದಾದ ಪರೀಕ್ಷೆ ಯಾವುದು?

ನೀರ್ಚಾಲು_ಮಾಸ್ಟ್ರು
ಟೀಚರೇ, ಎರಡು ಪದ ಕಂಡರೆ ಸಾಲದು, ಎರಡರ ಅರ್ಥವೂ ಇಡೀ ಪದದೊಳಗೆ ಇರಬೇಕು. ಸಮಾಸಕ್ಕೆ ಮಾಡಿಸುವ ಹಾಗೆ ವಿಗ್ರಹವಾಕ್ಯ ಮಾಡಿಸಿ, ಅಂದರೆ ಪದ ಬಿಡಿಸಿ ಅರ್ಥ ಹೇಳಿಸಿ. ಮಳೆಗಾಲ ಎಂದರೆ ಮಳೆಯ ಕಾಲ. ರೇನ್‌ಕೋಟ್ ಎಂದರೆ ಮಳೆಗೆ ಹಾಕುವ ಕೋಟು. ಸಾಮಾನ್ಯವಾಗಿ ಕೊನೆಯ ಪದವೇ ಯಜಮಾನ: ಹೌಸ್‌ಬೋಟ್ ಒಂದು ದೋಣಿ, ಬೋಟ್‌ಹೌಸ್ ದೋಣಿ ಇಡುವ ಮನೆ. ಕಾರ್ಪೆಟ್ ಬಿಡಿಸಿ ನೋಡಿ, ಅದರಲ್ಲಿ ಕಾರೂ ಇಲ್ಲ, ಸಾಕುಪ್ರಾಣಿಯೂ ಇಲ್ಲ. ಹಳೆಯ ಫ್ರೆಂಚಿನಿಂದ ಇಡಿಯಾಗಿ ಬಂದ ಪದ ಅದು. ಸೀಸನ್ ಕೂಡ ಹಾಗೆಯೇ. ಕಾಕ್‌ರೋಚ್ ಮೂಲದಲ್ಲಿ ಸ್ಪ್ಯಾನಿಷಿನ ಕುಕರಾಚಾ. ಕೇಳಿದವರು ತಮಗೆ ಗೊತ್ತಿದ್ದ ಪದಗಳ ಹಾಗೆ ಉಚ್ಚರಿಸಿ ಹೀಗಾಯಿತು.

ಕೇರ್‌ಫುಲ್ ಕತೆ ಬೇರೆ. ಅಲ್ಲಿರುವ ಫುಲ್ ಪ್ರತ್ಯಯ, ಸ್ಪೆಲಿಂಗಿನಲ್ಲೇ ಒಂದು ಎಲ್ ಕಡಿಮೆ. ಲೆಸ್, ನೆಸ್, ಹುಡ್, ಶಿಪ್, ಏಬಲ್, ಅನ್, ರೀ ಇವನ್ನು ಮೊದಲೇ ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಮಕ್ಕಳು ಹೆಚ್ಚು ತಪ್ಪುವುದು ಶಿಪ್, ಏಬಲ್‌ಗಳಲ್ಲಿ, ಯಾಕೆಂದರೆ ಅವು ಬಿಡಿಪದಗಳಾಗಿಯೂ ಇವೆ. ಸ್ಪೇಸ್‌ಶಿಪ್ಪಿನಲ್ಲಿ ಹಡಗು ಇದೆ, ಫ್ರೆಂಡ್‌ಶಿಪ್ಪಿನಲ್ಲಿ ಇಲ್ಲ. ಈ ಜೋಡಿ ಒಂದನ್ನು ಚೆನ್ನಾಗಿ ಬಿಡಿಸಿ ಹೇಳಿದರೆ ಉಳಿದದ್ದು ಸುಲಭ.

ಮುಳ್ಳೇರಿಯ_ಇಂಗ್ಲಿಷ್
ನಡುವಿನ ಜಾಗವನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ. ಪೋಸ್ಟ್ ಆಫೀಸ್, ಐಸ್ ಕ್ರೀಮ್ ಬಿಡಿಯಾಗಿ ಬರೆದರೂ ಕಾಂಪೌಂಡೇ. ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ 2007ರ ಆವೃತ್ತಿಯಲ್ಲಿ ಸುಮಾರು 16,000 ಪದಗಳ ಹೈಫನ್ ತೆಗೆದರು. ಪಿಜನ್‌ಹೋಲ್ ಕೂಡಿಕೊಂಡಿತು, ಐಸ್ ಕ್ರೀಮ್ ಬಿಡಿಯಾಯಿತು. ಬದಲಾದದ್ದು ಬರೆಯುವ ರೀತಿ ಮಾತ್ರ.

ಜಾಗ ಇರುವ ಪದಕ್ಕೆ ನಡುವೆ ಬೇರೊಂದು ಪದ ತೂರಿಸಿ ನೋಡಿ. "ಓಲ್ಡ್ ಬಸ್ ಸ್ಟಾಪ್" ಸರಿ, "ಬಸ್ ಓಲ್ಡ್ ಸ್ಟಾಪ್" ಆಗುವುದಿಲ್ಲ. ಮೊದಲ ಭಾಗ ಗುಣವಾಚಕವಾಗಿದ್ದರೆ ಹಿಂದೆ "ವೆರಿ" ಸೇರಿಸಿ. "ವೆರಿ ಬ್ಲ್ಯಾಕ್ ಬೋರ್ಡ್" ಎಂದ ಕೂಡಲೇ ಅದು ಬರೇ ಕಪ್ಪು ಹಲಗೆ. ಪಾಠ ಮಾಡುವ ಬ್ಲ್ಯಾಕ್‌ಬೋರ್ಡ್ ಹಸಿರು ಬಣ್ಣದ್ದಾದರೂ ಬ್ಲ್ಯಾಕ್‌ಬೋರ್ಡೇ.

ಇನ್ನು ಒತ್ತು, ಅಂದರೆ ಉಚ್ಚರಿಸುವಾಗ ಯಾವ ಭಾಗವನ್ನು ಜೋರಾಗಿ ಹೇಳುತ್ತೇವೆ ಎಂಬುದು. ಗಿಡ ಬೆಳೆಸುವ ಗ್ರೀನ್‌ಹೌಸಿಗೆ ಒತ್ತು ಗ್ರೀನ್ ಮೇಲೆ. ಹಸಿರು ಬಣ್ಣದ ಮನೆ ಎನ್ನುವಾಗ ಹೌಸ್ ಮೇಲೆ. ನಮ್ಮ ಕಡೆಯ ಉಚ್ಚಾರದಲ್ಲಿ ಈ ವ್ಯತ್ಯಾಸ ಅಷ್ಟಾಗಿ ಕೇಳಿಸುವುದಿಲ್ಲ, ಡಿಕ್ಷನರಿ ಆ್ಯಪಿನ ಧ್ವನಿ ಕೇಳಿಸಿ. ಆದರೆ ಇದೊಂದನ್ನೇ ನಂಬಬೇಡಿ: ಆ್ಯಪಲ್ ಕೇಕಿಗೆ ಒತ್ತು ಆ್ಯಪಲ್ ಮೇಲೆ, ಆ್ಯಪಲ್ ಪೈಗೆ ಪೈ ಮೇಲೆ. ಒತ್ತು ಮೊದಲ ಭಾಗಕ್ಕೆ ಬಿದ್ದರೆ ಕಾಂಪೌಂಡ್ ಎನ್ನಲು ಬಲವಾದ ಸಾಕ್ಷಿ. ಬೀಳದಿದ್ದರೆ ಅಲ್ಲವೆಂದು ಹೇಳಲಾಗದು.

ಪೆರ್ಲ_ಟೀಚರ್
ತುಂಬಾ ಉಪಕಾರ ಆಯಿತು. ಪಿಕ್‌ಪಾಕೆಟ್, ಕಬರ್ಡ್, ಅಂಡರ್‌ಸ್ಟ್ಯಾಂಡ್ ಮೂರು ಉಳಿದವು.

ನೀರ್ಚಾಲು_ಮಾಸ್ಟ್ರು
ಪಿಕ್‌ಪಾಕೆಟ್ ನಮ್ಮ ಬಹುವ್ರೀಹಿಯ ಜಾತಿ. ಮುಕ್ಕಣ್ಣ ಎಂದರೆ ಕಣ್ಣಲ್ಲ, ಶಿವ. ಪಿಕ್‌ಪಾಕೆಟ್ ಎಂದರೆ ಕಿಸೆಯಲ್ಲ, ಕಳ್ಳ. ಕೊನೆಯ ಪದ ಯಜಮಾನನಾಗದ ಕಾಂಪೌಂಡ್‌ಗಳು ಇವು.

ಕಬರ್ಡ್ ಬರೆಯುವಾಗ ಕಪ್ ಮತ್ತು ಬೋರ್ಡ್, ಮೊದಲು ಕಪ್, ಬಟ್ಟಲು ಇಡುವ ಹಲಗೆಯೇ ಆಗಿತ್ತು. ಆಡುತ್ತಾ ಆಡುತ್ತಾ ಪಿ ಸದ್ದು ಸವೆದುಹೋಗಿದೆ. ಇಲ್ಲಿ ಕಿವಿಯನ್ನು ನಂಬದೆ ಸ್ಪೆಲಿಂಗ್ ನೋಡಿಸಿ.

ಅಂಡರ್‌ಸ್ಟ್ಯಾಂಡ್ ಕಷ್ಟದ್ದು. ಹಳೆಯ ಇಂಗ್ಲಿಷಿನಲ್ಲೇ ಎರಡು ಪದ ಕೂಡಿ ಆದದ್ದು, ಹಾಗಾಗಿ ರೂಪದಿಂದ ಕಾಂಪೌಂಡ್. ಆದರೆ "ಕೆಳಗೆ ನಿಲ್ಲು" ಎಂದು ವಿಗ್ರಹ ಮಾಡಿದರೆ "ಅರ್ಥಮಾಡಿಕೊಳ್ಳು" ಸಿಗುವುದಿಲ್ಲ. ಬಿಡಿಸಿ ನೋಡಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಇದನ್ನು ಕೊಟ್ಟರೆ ಕಲಿತದ್ದೂ ಗೊಂದಲವಾಗುತ್ತದೆ. ಪ್ರಶ್ನೆಪತ್ರಿಕೆಗೆ ಅಂಡರ್‌ಗ್ರೌಂಡ್ ಹಾಕಿ, ನೆಲದ ಅಡಿ ಎಂದು ನೇರ ಬಿಡಿಸಬಹುದು.