ಸರಪಳಿ ಅಂಗಿ ತೊಟ್ಟ ಚಿರತೆ

ಬೆಳಗಾವಿಯಲ್ಲಿ ಶ್ರಾವಣದ ಮಳೆ ಹಿಡಿಯಿತೆಂದರೆ ಒಗೆದ ಬಟ್ಟೆ ಮೂರು ದಿನ ಒಣಗುವುದಿಲ್ಲ, ಬಂದ ಅತಿಥಿ ಮೂರು ತಾಸು ಏಳುವುದಿಲ್ಲ. ಅಂಥ ಒಂದು ರವಿವಾರ ಮಧ್ಯಾಹ್ನ ಟಿಳಕವಾಡಿಯ ನಮ್ಮ ಮಾಳಿಗೆಯ ಕೋಣೆಯಲ್ಲಿ ಐದು ಮಂದಿ ಸೇರಿ, ನಡುವೆ ಕುಂದಾದ ಡಬ್ಬಿಯನ್ನಿಟ್ಟುಕೊಂಡು, ಒಂದು ಹಿಂಸ್ರಪಶುವನ್ನು ಕಾಯಿದೆಬದ್ಧವಾಗಿ ಹುಟ್ಟಿಸುವ ಕೆಲಸದಲ್ಲಿ ತೊಡಗಿದ್ದೆವು. ನಡೆದದ್ದೆಲ್ಲವೂ ಗ್ರಾಂಥಿಕ ಕನ್ನಡದಲ್ಲಿಯೇ ದಾಖಲಾಗಬೇಕೆಂಬುದು ನಮ್ಮ ವಕೀಲರ ಷರತ್ತು. ಆದ್ದರಿಂದ ಇಲ್ಲಿ ಬಾಯಿತುಂಬ ಚುರಮುರಿ ತುಂಬಿಕೊಂಡವರೂ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಂತೆ ಮಾತನಾಡಿದ್ದರೆ ಅದು ಲಿಪಿಕಾರನ ತಪ್ಪಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು 1974ರಲ್ಲಿ ಹೊರತಂದರು; ನಾವು ಆಡುವುದು 2014ರಲ್ಲಿ ಬಂದ ಐದನೆಯ ಆವೃತ್ತಿಯನ್ನು. ಒಬ್ಬನು ಕಥೆ ನಡೆಸುತ್ತಾನೆ, ಆ ಹೊಣೆ ನನ್ನದು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ, ಮತ್ತು ಆಗುತ್ತದೆಯೋ ಇಲ್ಲವೋ ಎಂಬ ಸಂಶಯ ಬಂದಲ್ಲೆಲ್ಲ ಇಪ್ಪತ್ತು ಮುಖಗಳ ದಾಳವನ್ನು ಉರುಳಿಸುತ್ತಾರೆ; ಬೇಕಾದ ಸಂಖ್ಯೆಯೋ ಅದಕ್ಕಿಂತ ದೊಡ್ಡದೋ ಬಿದ್ದರೆ ಆಯಿತು, ಇಲ್ಲವಾದರೆ ಇಲ್ಲ. ನಮ್ಮ ಓಣಿಯಲ್ಲಿ ಪಗಡೆಯಾಡುವ ಹಿರಿಯರೊಬ್ಬರು ಒಮ್ಮೆ ಬಾಗಿಲಲ್ಲಿ ನಿಂತು ಅರ್ಧ ತಾಸು ನೋಡಿ, "ಹಾಸು ಇಲ್ಲ, ಕಾಯಿ ಹಣ್ಣಾಗುವುದಿಲ್ಲ, ಗೆದ್ದವರಿಲ್ಲ, ಸೋತವರಿಲ್ಲ, ನೀವು ಆಡುತ್ತಿರುವುದು ಆಟವೋ ಸಂಸಾರವೋ?" ಎಂದು ಕೇಳಿ ಹೋಗಿದ್ದಾರೆ. ಅವರಿಗೆ ಉತ್ತರ ಇನ್ನೂ ಕೊಟ್ಟಿಲ್ಲ.

ಈ ಆಟದಲ್ಲಿ ಫೈಟರ್ ಎಂಬ ಯೋಧನಿದ್ದಾನೆ. ಕಥೆ ಮುಂದುವರಿದಂತೆ ಪಾತ್ರವು ಏರುವ ಮೆಟ್ಟಿಲುಗಳಿಗೆ ಲೆವೆಲ್ ಎನ್ನುತ್ತಾರೆ; ಅವನು ಮೂರನೆಯ ಲೆವೆಲ್ ಮುಟ್ಟಿದಾಗ ತನ್ನ ಒಳದಾರಿಯನ್ನು, ಅಂದರೆ ಸಬ್‌ಕ್ಲಾಸನ್ನು ಆರಿಸಿಕೊಳ್ಳಬೇಕು. ಮೂಲ ಪುಸ್ತಕ ಚಾಂಪಿಯನ್, ಬ್ಯಾಟಲ್ ಮಾಸ್ಟರ್, ಎಲ್ಡ್ರಿಚ್ ನೈಟ್ ಎಂಬ ಮೂರನ್ನು ಕೊಟ್ಟಿದೆ. ವಕೀಲರ ಸೋದರಳಿಯನಿಗೆ, ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿ ಎರಡನೆಯ ಸಲ ಓದುತ್ತಿರುವವನಿಗೆ, ಈ ಮೂರೂ ರುಚಿಸಲಿಲ್ಲ. ಹೀಗೆ ರುಚಿಸದವರು ತಮ್ಮದೇ ನಿಯಮಗಳನ್ನು ಬರೆದುಕೊಂಡರೆ ಅದನ್ನು ಹೋಮ್‌ಬ್ರೂ ಎನ್ನುತ್ತಾರೆ. ಮನೆಯಲ್ಲಿಯೇ ಕಾಸಿದ ಕಷಾಯ ಎಂದು ತಿಳಿಯಿರಿ. ಕಾಸಿದವನಿಗೆ ಅದು ಅಮೃತ, ಕುಡಿಯಬೇಕಾದವರು ಮಾತ್ರ ಮನೆಮಂದಿ.

ಅವನು ಎರಡು ಹಾಳೆ ತುಂಬ ಬರೆದು ತಂದಿದ್ದ ಸಬ್‌ಕ್ಲಾಸಿನ ಹೆಸರು 'ಮಹಾವ್ಯಾಘ್ರ'. ಮೂರನೆಯ ಲೆವೆಲ್‌ನಲ್ಲಿ ಅವನು ಒಬ್ಬ ಶತ್ರುವನ್ನು ಬೇಟೆಯೆಂದು ಗುರಿ ಹಿಡಿಯುತ್ತಾನೆ, ಆ ಬೇಟೆಗೆ ಬಿದ್ದ ಪ್ರತಿಯೊಂದು ಏಟಿಗೂ ಎಂಟು ಮುಖದ ದಾಳವೊಂದರಷ್ಟು ಹೆಚ್ಚುವರಿ ಪೆಟ್ಟು. ಏಳರಲ್ಲಿ ಮೈಲು ದೂರದ ರಕ್ತದ ವಾಸನೆ ಹಿಡಿಯುವ ಮೂಗು, ಹತ್ತರಲ್ಲಿ ಕೇಳಿದವರೆಲ್ಲ ಓಡತಕ್ಕ ಘರ್ಜನೆ, ಹದಿನೈದರಲ್ಲಿ ಉಕ್ಕನ್ನು ಸೀಳುವ ಉಗುರು, ಹದಿನೆಂಟರಲ್ಲಿ ಸಾವೇ ಇಲ್ಲ. ಪುಸ್ತಕದ ಫೈಟರನಿಗೂ ಒಳದಾರಿಯ ವರಗಳು ದೊರೆಯುವುದು 3, 7, 10, 15, 18ನೆಯ ಲೆವೆಲ್‌ಗಳಲ್ಲಿಯೇ. ಹುಡುಗ ಪುಸ್ತಕಕ್ಕೆ ತೋರಿಸಿದ ಗೌರವ ಅಷ್ಟಕ್ಕೇ ಮುಗಿದಿತ್ತು.

ಮುಧೋಳದ ಮಾಸ್ತರರು ಹಾಳೆಗಳನ್ನು ಕನ್ನಡಕದ ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ ನೋಡಿ, "ತಮ್ಮಾ, ಇದು ಹುಲಿಯಲ್ಲ, ಮೊಹರಮಿನ ಹುಲಿವೇಷ. ಬಣ್ಣವಿದೆ, ಬಾಲವಿದೆ, ಹಲಗೆಯ ಸದ್ದೂ ಕೇಳಿಸುತ್ತಿದೆ, ಬೇಟೆ ಎಲ್ಲಿದೆ?" ಎಂದರು.

ಬ್ಯಾಂಕಿನ ಅಕ್ಕನವರು ಅಷ್ಟರಲ್ಲಿ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ಮುಗಿಸಿದ್ದರು. ಅವರು ಕ್ಯಾಷ್ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕುಳಿತವರು, ಹತ್ತು ರೂಪಾಯಿಯ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಬಾಗಿಲು ತೆರೆಸದವರು. "ಫೈಟರನು ಹನ್ನೊಂದನೆಯ ಲೆವೆಲ್‌ನಲ್ಲಿ ಒಂದು ಸರದಿಗೆ ಮೂರು ಏಟು ಹೊಡೆಯುತ್ತಾನೆ. ಆ್ಯಕ್ಷನ್ ಸರ್ಜ್, ಅಂದರೆ ಒಂದೇ ಸರದಿಯಲ್ಲಿ ಇನ್ನೊಮ್ಮೆ ಹೊಡೆಯುವ ಅವನ ವರ, ಬಳಸಿದರೆ ಆರು. ಎಂಟು ಮುಖದ ದಾಳದ ಸರಾಸರಿ ನಾಲ್ಕೂವರೆ. ಆರೂ ಬಿದ್ದರೆ ಹೆಚ್ಚುವರಿಯೇ 27 ಆಯಿತು, ಅಸಲು ಬೇರೆ. ಇದಕ್ಕೆ ನಮ್ಮಲ್ಲಿ ಚಕ್ರಬಡ್ಡಿ ಎನ್ನುತ್ತೇವೆ" ಎಂದು ಅವರು ಪೆನ್ನಿನ ಟೋಪಿ ಹಾಕಿದರು. ಏಟುಗಳೇ ಫೈಟರನ ಬಂಡವಾಳವಾದ್ದರಿಂದ ಏಟಿಗೊಂದರಂತೆ ಏನನ್ನು ಕೊಟ್ಟರೂ ಅದು ಕೈಮೀರುತ್ತದೆ. ರೋಗ್ ಎಂಬ ಕಳ್ಳನಿಗೆ ಪುಸ್ತಕವು ಬೆನ್ನೇಟಿನ ಹೆಚ್ಚುವರಿಯನ್ನು ಸರದಿಗೊಮ್ಮೆ ಮಾತ್ರ ಕೊಟ್ಟಿರುವಂತೆ ಇಲ್ಲಿಯೂ 'ಸರದಿಗೊಮ್ಮೆ' ಎಂಬ ಒಂದು ಪದ ಸೇರಬೇಕೆಂದು ತೀರ್ಮಾನವಾಯಿತು. 27 ಇದ್ದದ್ದು ನಾಲ್ಕೂವರೆಗೆ ಇಳಿದುದನ್ನು ಕಂಡು ಹುಡುಗನ ಮುಖ, ಬೆಳೆ ಪರಿಹಾರದ ಚೆಕ್ಕನ್ನು ಓದಿದ ರೈತನ ಮುಖದಂತಾಯಿತು.

ರಕ್ತದ ವಾಸನೆಯ ಮೇಲಿನ ವಾದ ಮುಕ್ಕಾಲು ತಾಸು ನಡೆಯಿತು. "ಎದುರಾಳಿ ಅಸ್ಥಿಪಂಜರವಾಗಿದ್ದರೆ?" ಎಂದು ನಾನು ಕೇಳಿದ್ದೇ ತಪ್ಪಾಯಿತು. ಅಸ್ಥಿಪಂಜರಕ್ಕೆ ಈಗ ರಕ್ತವಿಲ್ಲದಿದ್ದರೂ ಪೂರ್ವದಲ್ಲಿ ಇತ್ತೆಂಬುದು ನಿರ್ವಿವಾದ, ಆದಕಾರಣ ರಕ್ತದ ಮೇಲಿನ ಹಕ್ಕು ವಂಶಪಾರಂಪರ್ಯವಾಗಿ ಮೂಳೆಗೆ ಇಳಿದುಬಂದಿದೆ ಎಂದು ವಕೀಲರು ಅಳಿಯನ ಪರವಾಗಿ ಎದ್ದುನಿಂತು ವಾದಿಸಿದರು. ಫೀಸಿಲ್ಲದ ಮೊಕದ್ದಮೆಯಲ್ಲಿ ಅವರ ವಾದಸರಣಿ ಯಾವಾಗಲೂ ಹೀಗೆಯೇ ಅರಳುತ್ತದೆ.

ಇದನ್ನು ನಿಲ್ಲಿಸಿದವರು ಮಾಸ್ತರರು. "ಬೇಟೆಯೆಂದರೆ ಮೂಗೇ ಆಗಬೇಕೆಂದು ಯಾವ ಶಾಸ್ತ್ರ ಹೇಳಿದೆ? ನಮ್ಮೂರಿನ ನಾಯಿಯನ್ನು ನೋಡಿರಿ" ಎಂದು ಅವರು ಆರಂಭಿಸಿದಾಗ ನಾವೆಲ್ಲ ಗೋಡೆಗೆ ಒರಗಿ ಕುಳಿತೆವು, ಏಕೆಂದರೆ ಮುಧೋಳದವರು ಮುಧೋಳದ ನಾಯಿಯ ವಿಷಯವೆತ್ತಿದರೆ ನಡುವೆ ನಿಲುಗಡೆಯಿಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದದ್ದು, ಅವರು ಅದನ್ನು ಲಕೋಟೆಗೆ ಅಂಟಿಸಲು ಮನಸ್ಸಾಗದೆ ಕಪಾಟಿನಲ್ಲಿಟ್ಟದ್ದು ಎಲ್ಲವೂ ಬಂದವು. ಆದರೆ ವಿಷಯದ ತಿರುಳು ಅಲ್ಲಿಯೇ ಇತ್ತು. ಮುಧೋಳದ ನಾಯಿ ಕಣ್ಣಿನ ಬೇಟೆಗಾರ. ಅದರ ಉದ್ದನೆಯ ಕಾಲು, ಆಳವಾದ ಎದೆ, ಒಳಸರಿದ ಹೊಟ್ಟೆ ಎಲ್ಲವೂ ಓಟಕ್ಕಾಗಿ. ಮೊಲ ಕಣ್ಣಿಗೆ ಬಿತ್ತೆಂದರೆ ಬಯಲಿನಲ್ಲಿ ಅದೊಂದನ್ನೇ ನೋಡುತ್ತ ಓಡುತ್ತದೆ, ಪಕ್ಕದಲ್ಲಿ ಇನ್ನೊಂದು ಎದ್ದರೂ ತಿರುಗುವುದಿಲ್ಲ. "ಗುರಿ ಎಂದರೆ ಅದು" ಎಂದರು ಮಾಸ್ತರರು. ಹೀಗೆ ಮೂಗು ಹೋಗಿ ಕಣ್ಣು ಬಂತು: ಗುರಿ ಹಿಡಿದ ಬೇಟೆಯು ಕಣ್ಣಿಗೆ ಕಾಣುತ್ತಿರುವಷ್ಟು ಕಾಲ ಯೋಧನು ಸರದಿಗೆ ಹತ್ತು ಅಡಿ ಹೆಚ್ಚು ಓಡಬಹುದು, ಆದರೆ ಬೇರೆ ಯಾವ ಶತ್ರುವಿನ ಮೇಲೂ ಆ ಹೆಚ್ಚುವರಿ ಪೆಟ್ಟಿನ ದಾಳ ಸಲ್ಲುವುದಿಲ್ಲ. ಹೆಸರೂ ಆಗಲೇ ಬದಲಾಯಿತು. ಮಹಾವ್ಯಾಘ್ರನು 'ಹೊಂಚುಗಾರ'ನಾದನು.

ಹೊಂಚು ಎಂಬ ಪದ ಬಾಯಿಗೆ ಬಂದ ಕೂಡಲೇ ಬೆಳಗಾವಿಯವರಿಗೆ ಬೇರೆ ಏನು ನೆನಪಾದೀತು? 2022ರ ಆಗಸ್ಟ್ ತಿಂಗಳಿನಲ್ಲಿ ಊರೊಳಗೆ ಬಂದ ಚಿರತೆಯು ಗಾಲ್ಫ್ ಮೈದಾನದ ಗಿಡಗಂಟಿಗಳಲ್ಲಿ ಸೇರಿಕೊಂಡು, ಸುತ್ತಲಿನ ಶಾಲೆಗಳಿಗೆ ರಜೆ ಕೊಡಿಸಿ, ಸಕ್ರೆಬೈಲಿನಿಂದ ಆನೆಗಳನ್ನು ಕರೆಸಿ, ಇಡೀ ಊರಿಗೆ ಸಂಜೆಯ ತಿರುಗಾಟವನ್ನು ಮರೆಸಿ, ಕೊನೆಗೂ ಬೋನಿಗೆ ಬೀಳಲಿಲ್ಲ. ನಾವು ಐವರಲ್ಲಿ ಐವರೂ ಅದನ್ನು ಕಂಡಿದ್ದೇವೆ; ವಿಚಾರಿಸಿ ನೋಡಿದರೆ ಒಬ್ಬರು ಕಂಡದ್ದು ಬಾಲ, ಒಬ್ಬರದು ನೆರಳು, ವಕೀಲರದು ಬಹುತೇಕ ನೆರೆಮನೆಯ ನಾಯಿ. ಅಕ್ಕನವರ ಮಗನ ಶಾಲೆಯೂ ಮುಚ್ಚಿದ್ದರಿಂದ ಅವನು ಪ್ರತಿದಿನ ಬೆಳಿಗ್ಗೆ ದೇವರ ಮುಂದೆ ನಿಂತು ಚಿರತೆಗೆ ದೀರ್ಘಾಯುಷ್ಯ ಬೇಡುತ್ತಿದ್ದನಂತೆ.

"ಈಗ ಹೇಳು, ಆ ಚಿರತೆ ಎಷ್ಟು ಸಲ ಘರ್ಜಿಸಿತು?" ಎಂದು ನಾನು ಹುಡುಗನನ್ನು ಕೇಳಿದೆ. ಒಮ್ಮೆಯೂ ಇಲ್ಲ. ಊರನ್ನು ಹೆದರಿಸಿದ್ದು ಅದರ ಹಲ್ಲಲ್ಲ, ಅದು ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದಿರುವುದು. ಈ ಮಾತಿಗೆ ಅವನು ತಲೆಯಾಡಿಸಿ, ಹತ್ತನೆಯ ಲೆವೆಲ್‌ನ ಘರ್ಜನೆಯನ್ನು ತಾನೇ ಹೊಡೆದುಹಾಕಿ, ಏಳರಲ್ಲಿ ಕಣ್ಣಿನ ಪಕ್ಕದಲ್ಲಿಯೇ ಅಡಗುವ ವಿದ್ಯೆಯನ್ನೂ ಬರೆದ. ಬೇಟೆಯು ತನ್ನನ್ನು ಕಾಣದಿದ್ದಾಗ ಮೊದಲ ಏಟಿಗೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವುದು ಪುಸ್ತಕದಲ್ಲಿಯೇ ಇರುವ ಅನುಕೂಲ; ಹನ್ನೊಂದು ಬೀಳಬೇಕಾದಲ್ಲಿ ನೂರಕ್ಕೆ 50ರ ಸಂಭವವು ಇದರಿಂದ 75ಕ್ಕೆ ಏರುತ್ತದೆ. ಇಷ್ಟರಲ್ಲಿ ಅಕ್ಕನವರು, "ನಿನ್ನ ಯೋಧನು ಮೈಮೇಲೆ ಏನು ತೊಟ್ಟಿದ್ದಾನೆ?" ಎಂದು ಕೇಳಿದರು.

ಅವನು ತೊಟ್ಟದ್ದು ಸರಪಳಿ ಅಂಗಿ. ಏಟು ತಾಗಬೇಕಾದರೆ ಶತ್ರು ಹದಿನಾರನ್ನು ಮುಟ್ಟಬೇಕೆಂಬ ರಕ್ಷಣೆಯೇನೋ ಸರಿ, ಆದರೆ ಅದನ್ನು ತೊಟ್ಟವನು ಅಡಗುವಾಗ ಎರಡು ದಾಳ ಉರುಳಿಸಿ ಚಿಕ್ಕದನ್ನು ಇಟ್ಟುಕೊಳ್ಳಬೇಕು. ಕಾರಹುಣ್ಣಿಮೆಯ ಎತ್ತು ಗೆಜ್ಜೆ ಕಟ್ಟಿಕೊಂಡು ಬೆಕ್ಕಿನ ಹೆಜ್ಜೆ ಇಡಲು ಹೊರಟಂತೆ! ವಕೀಲರು ಅಂಗಿಗೆ ಎಣ್ಣೆ ಹಚ್ಚುವ ಉಪನಿಯಮವೊಂದನ್ನು ಸೂಚಿಸಿದರು. ಪ್ರತಿ ಕೊಂಡಿಗೂ ಎಣ್ಣೆಯೆಂದರೆ ತಿಂಗಳಿಗೆ ಎಷ್ಟು ಡಬ್ಬಿ ಎಂದು ಅಕ್ಕನವರು ಕೇಳಿದ್ದರಿಂದ ಅದು ಅಲ್ಲಿಯೇ ಬಿದ್ದುಹೋಯಿತು. ಚಿರತೆಯಾಗಬೇಕಾದವನು ಚರ್ಮದ ಅಂಗಿಯಲ್ಲಿ ಇರತಕ್ಕದ್ದು ಎಂದು ನಾನು ಬರೆದೆ. ಎರಡೂ ಬೇಕೆನ್ನುವ ಹುಡುಗನ ಆಸೆ ನನಗೆ ಅರ್ಥವಾಗುತ್ತದೆ, ಆದರೆ ಬಿಟ್ಟುಕೊಡುವುದೇನೂ ಇಲ್ಲದ ಪಾತ್ರವನ್ನು ಎದುರಿಗೆ ಕೂರಿಸಿಕೊಂಡು ಕಥೆ ನಡೆಸುವುದು ಬೀಗರನ್ನು ಸಂಭಾಳಿಸಿದಷ್ಟೇ ಕಷ್ಟ.

ನಡುವೆ ಕೃಷ್ಣೆಯ ಮೊಸಳೆಯ ಮಾತೂ ಬಂದು ಹೋಯಿತು. ಕಚ್ಚಿ ಹಿಡಿದು ನೀರಿಗೆ ಎಳೆಯುವ ವರವೊಂದು ಬೇಕೆಂದು ಹುಡುಗ ಹಟ ಹಿಡಿದ, ಅದೂ ಡ್ರ್ಯಾಗನ್ನನ್ನು. ತನಗಿಂತ ಒಂದು ಅಳತೆ ದೊಡ್ಡದರವರೆಗೆ ಮಾತ್ರ ಹಿಡಿಯಬಹುದೆಂದು ಪುಸ್ತಕ ಹೇಳುತ್ತದೆ, ಮಾತು ಮುಗಿಯಿತು.

ಹತ್ತನೆಯ ಲೆವೆಲ್ ಖಾಲಿಯಾಗಿತ್ತು. ಅದನ್ನು ತುಂಬಿದ್ದು ನಮ್ಮಲ್ಲಿ ಯಾರೂ ಅಲ್ಲ, ಟ್ಯೂಬ್‌ಲೈಟಿನ ಪಕ್ಕದ ಹಲ್ಲಿ. ಮಳೆಗೆ ದೀಪದ ಸುತ್ತ ಹುಳುಗಳು ಮುತ್ತಿದ್ದವು. ಹಲ್ಲಿ ಒಂದು ಗೇಣು ದೂರದಲ್ಲಿ ಅಂಟಿಕೊಂಡಿತ್ತು, ಹತ್ತಿರದ ಎರಡು ಹುಳುಗಳನ್ನು ಬಿಟ್ಟು ಮೂರನೆಯದರ ಕಡೆಗೆ ಮುಖ ಮಾಡಿತ್ತು. ಎರಡು ಹೆಜ್ಜೆ ಸರಿಯಿತು, ನಿಂತಿತು. ಅದರ ಬಾಲದ ತುದಿ ಮಾತ್ರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿತು. ಮತ್ತೆ ಒಂದು ಹೆಜ್ಜೆ. ಚಕ್ಕನೆ ನೆಗೆಯಿತು, ಹುಳು ಹಾರಿಹೋಯಿತು. ಹಲ್ಲಿ ಅದನ್ನು ಬೆನ್ನಟ್ಟಲಿಲ್ಲ, ಪಕ್ಕದ ಹುಳುವಿಗೆ ಬಾಯಿ ಹಾಕಲಿಲ್ಲ. ಏನೂ ಆಗಿಲ್ಲವೆಂಬಂತೆ ತಿರುಗಿ ಕ್ಯಾಲೆಂಡರಿನ ಹಿಂದೆ ಸರಿದು, ಮೂಗಿನ ತುದಿಯನ್ನಷ್ಟೇ ಹೊರಗಿಟ್ಟು ಕುಳಿತುಕೊಂಡಿತು.

ಐವರೂ ಅದನ್ನೇ ನೋಡುತ್ತಿದ್ದೆವು. "ಹುಲಿಯ ಬೇಟೆಗಳಲ್ಲಿಯೂ ಹೆಚ್ಚಿನವು ತಪ್ಪುತ್ತವೆ" ಎಂದು ಮಾಸ್ತರರು ಮೆಲ್ಲಗೆ ಹೇಳಿದರು. ಹುಡುಗನ ಎರಡು ಹಾಳೆಗಳಲ್ಲಿ ಹೊಡೆತದ ಬಗ್ಗೆ ಎಲ್ಲವೂ ಇತ್ತು, ತಪ್ಪಿದ ನೆಗೆತದ ಬಗ್ಗೆ ಒಂದು ಸಾಲೂ ಇರಲಿಲ್ಲ. ಹತ್ತನೆಯ ಲೆವೆಲ್‌ಗೆ ಹೀಗೆ ಬರೆದೆವು: ಅಡಗಿದ್ದು ಹೊಡೆದ ಮೊದಲ ಏಟು ತಪ್ಪಿದರೆ ಹೊಂಚುಗಾರನು ಆ ಸರದಿಯ ಉಳಿದ ಏಟುಗಳನ್ನು ಬಿಟ್ಟುಕೊಟ್ಟು, ಶತ್ರುವಿನ ಮರುಏಟಿಗೆ ಸಿಗದಂತೆ ತನ್ನ ಅರ್ಧ ಓಟದಷ್ಟು ದೂರ ಹಿಂದೆ ಸರಿದು, ಮರೆ ಸಿಕ್ಕರೆ ಮತ್ತೆ ಅಡಗಬಹುದು. ಹೊಡೆಯುವುದನ್ನು ನಿಲ್ಲಿಸಿದ್ದಕ್ಕೆ ಲಾಭ ಕೊಡುವುದರಿಂದ, ನಮ್ಮ ಕಷಾಯದಲ್ಲಿ ನನಗೆ ನಿಜವಾಗಿ ಹಿಡಿಸಿದ ಸೊಪ್ಪು ಇದೊಂದೇ. ಹದಿನೈದು ಮತ್ತು ಹದಿನೆಂಟು ಹಾಗೆಯೇ ಉಳಿದವು. ಯಾರ ಪಾತ್ರವೂ ಆ ಎತ್ತರಕ್ಕೆ ಬದುಕಿ ತಲುಪುವ ಲಕ್ಷಣವಿಲ್ಲದ್ದರಿಂದ ಅವಸರವೂ ಇರಲಿಲ್ಲ.

ಪರೀಕ್ಷೆಗಾಗಿ ಒಂದು ದರೋಡೆಕೋರರ ಗುಂಪನ್ನು ತಂದೆ. ಕಾಗದದ ಮೇಲೆ ಹುಣಸೆ ಬೀಜಗಳು ದರೋಡೆಕೋರರು, ಗಜ್ಜುಗ ಅವರ ನಾಯಕ, ಕವಡೆ ಹೊಂಚುಗಾರ. ಹುಡುಗ ನಾಯಕನನ್ನು ಗುರಿ ಹಿಡಿದು, ಗಾಡಿಯ ಮರೆಯಲ್ಲಿ ಅಡಗಿ, ಎರಡು ಸರದಿ ಉಸಿರು ಬಿಗಿಹಿಡಿದು ಕಾದ. ಮೂರನೆಯ ಸರದಿಯಲ್ಲಿ ಅಕ್ಕನವರ ಮಾಂತ್ರಿಕೆಯು ಗುರಿಯೇ ತಪ್ಪದ ಮ್ಯಾಜಿಕ್ ಮಿಸೈಲ್‌ನ ಮೂರು ಬಾಣಗಳನ್ನು ಬಿಟ್ಟು ನಾಯಕನನ್ನು ಕೊಂದು ಕುಂದಾಕ್ಕೆ ಕೈ ಹಾಕಿದಳು. ಹುಡುಗನು ಕವಡೆಯನ್ನು ಹಿಡಿದುಕೊಂಡೇ ಉಳಿದ. ಬೇಟೆಯು ಅನ್ಯರ ಕೈಯಲ್ಲಿ ಸತ್ತರೆ ಗುರಿಯ ಹಕ್ಕು ಯಾರಿಗೆ ಎಂಬ ಬಗ್ಗೆ ದಸ್ತಾವೇಜು ಮೌನವಾಗಿದೆಯೆಂದು ವಕೀಲರು ಆಕ್ಷೇಪವೆತ್ತಿದರು, ಅದು ಸತ್ತವನ ಅತ್ಯಂತ ಸಮೀಪದ ಹುಣಸೆ ಬೀಜಕ್ಕೆ ವಾರಸಾಗಿ ಹೋಗತಕ್ಕದ್ದು ಎಂಬ ತಿದ್ದುಪಡಿಯನ್ನೂ ತಾವೇ ಮಂಡಿಸಿದರು. ನಾವು ಕೈಯೆತ್ತಿದೆವು.

ಹುಡುಗ ಹೊಸ ಬೀಜದ ಮೇಲೆ ನೆಗೆದ. ಎರಡು ದಾಳ ಉರುಳಿದವು: ಒಂದರಲ್ಲಿ 2, ಇನ್ನೊಂದರಲ್ಲಿ 5. ಅವನು ಬಾಯಿ ತೆರೆದು, ಏನೋ ಹೇಳಹೊರಟವನು ಮೇಲೆ ಟ್ಯೂಬ್‌ಲೈಟಿನ ಕಡೆಗೆ ನೋಡಿದ. ಆಮೇಲೆ ಕವಡೆಯನ್ನು ಎರಡು ಬೆರಳಿನಲ್ಲಿ ಎತ್ತಿ, ಏನೂ ಆಗಿಲ್ಲವೆಂಬಂತೆ ಕುಂದಾದ ಡಬ್ಬಿಯ ಹಿಂದೆ ಇಟ್ಟು, ತುದಿ ಮಾತ್ರ ಕಾಣುವಂತೆ ಸರಿಪಡಿಸಿದ.

ಕ್ಯಾಲೆಂಡರಿನ ಹಿಂದೆ ಹಲ್ಲಿ ಲೊಚಗುಟ್ಟಿತು. ಅಕ್ಕನವರು ನೆಲಕ್ಕೆ ಬೆರಳು ತಟ್ಟಿ "ಕೃಷ್ಣ, ಕೃಷ್ಣ" ಎಂದರು. ಸಾಕ್ಷಿಯ ಹೇಳಿಕೆ ದಾಖಲಾಗಲಿ ಎಂದರು ವಕೀಲರು. ದಾಖಲಿಸಿದ್ದೇನೆ.