ಮಾಂಗಾ ಬಳಗದ ಪ್ರಶ್ನೋತ್ತರ: ಶಿನೋ, ಉಗ್ಗು, ಹೆಸರು

ಬಳಗದ ನಿರ್ವಾಹಕ: ಈ ವಾರ ನಾವು ಓದಿದ್ದು ಒಶಿಮಿ ಶುಝೋ ಬರೆದ ಒಂದೇ ಸಂಪುಟದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಶಿನೋ ಎಂಬ ಹುಡುಗಿಗೆ ಪ್ರೌಢಶಾಲೆಯ ಮೊದಲ ದಿನ ತನ್ನ ಹೆಸರು ಹೇಳಲು ಆಗುವುದಿಲ್ಲ, ತರಗತಿ ನಗುತ್ತದೆ. ನಮ್ಮ ಸದಸ್ಯೆ, ಮೈಸೂರಿನ ವಾಕ್ ಚಿಕಿತ್ಸಕಿಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ಕೇಳಿ.

ತುಮಕೂರಿನಿಂದ: ಮೇಡಂ, ಉಗ್ಗಿಗೆ ಮಾತ್ರೆ ಇದೆಯಾ?

ಚಿಕಿತ್ಸಕಿ: ಉಗ್ಗು ವಾಸಿ ಮಾಡುವ ಮಾತ್ರೆ ಇಲ್ಲ.

ಬಳ್ಳಾರಿಯಿಂದ: ಈ ಪುಸ್ತಕ ಕನ್ನಡದಲ್ಲಿ ಸಿಗುತ್ತಾ?

ಹಾಸನದಿಂದ: ಮೇಡಂ, ನನ್ನ ತಮ್ಮನಿಗೆ 17, ಪಿಯುಸಿ. ಹಾಜರಿ ಕೂಗಿದರೆ ಬಾಯಿ ತೆರೆದು ನಿಂತುಬಿಡ್ತಾನೆ. ಮೂರು ವಾರದಿಂದ ಕಾಲೇಜಿಗೆ ಹೋಗಿಲ್ಲ. ಹೋಟೆಲಲ್ಲಿ ಇಡ್ಲಿ ಬೇಕಿದ್ದರೂ ದೋಸೆ ಅಂತಾನೆ. ಈ ಪುಸ್ತಕ ಕೊಟ್ಟೆ. ಬೆಳಿಗ್ಗೆ ನನ್ನ ದಿಂಬಿನ ಹತ್ತಿರ ಚೀಟಿ ಇತ್ತು: ‘ಇದು ನಾನೇ ಅಕ್ಕ’. ಅಪ್ಪ ವಾಟ್ಸ್ಯಾಪಿನಲ್ಲಿ ಬಂದದ್ದು ನೋಡಿ ಬಾಯಲ್ಲಿ ಗೋಲಿ ಇಡಿಸಿ ದಿನಾ ಪೇಪರ್ ಓದಿಸ್ತಿದ್ದಾರೆ.

ಚಿಕಿತ್ಸಕಿ: ನೋಡಮ್ಮ, ಮೊದಲು ಆ ಗೋಲಿ ತೆಗೆಸು. ನಾಳೆ ಅಲ್ಲ, ಈಗ. ಜಾರಿ ಗಂಟಲಿಗೆ ಹೋದರೆ ಉಸಿರು ಕಟ್ಟುತ್ತದೆ, ಜೀವ ಹೋಗುತ್ತದೆ. ಅದರಿಂದ ಉಗ್ಗು ಹೋಗುವುದಿಲ್ಲ. ತೊಂದರೆ ನಾಲಗೆಯದ್ದಲ್ಲ, ಮಿದುಳು ಮಾತನ್ನು ಹೊಂದಿಸುವ ರೀತಿಯದ್ದು. ಎಷ್ಟೋ ಸಲ ವಂಶದಲ್ಲೂ ಇರುತ್ತದೆ. ಹೆದರಿಕೆ ಅದನ್ನು ಹೆಚ್ಚು ಮಾಡಬಹುದು, ಹುಟ್ಟಿಸುವುದಿಲ್ಲ.

ನನಗೆ ಚಿಂತೆ ಹತ್ತಿಸಿದ್ದು ಆ ಇಡ್ಲಿ ದೋಸೆ. ಯಾವ ಅಕ್ಷರದಲ್ಲಿ ಸಿಕ್ಕಿಬೀಳ್ತೀನಿ ಅಂತ ಅವನಿಗೆ ಮೊದಲೇ ಗೊತ್ತಾಗುತ್ತದೆ, ಬೇರೆ ಪದಕ್ಕೆ ಹಾರುತ್ತಾನೆ. ಹೊರಗಿನವರಿಗೆ ಉಗ್ಗು ಕಾಣುವುದೇ ಇಲ್ಲ. ಒಳಗೆ ಅವನು ದಿನವಿಡೀ ಲೆಕ್ಕ ಹಾಕುತ್ತಿರುತ್ತಾನೆ. ಆದರೆ ಹೆಸರಿಗೆ ಬದಲಿ ಪದ ಇಲ್ಲವಲ್ಲ, ಅಲ್ಲಿ ಸಿಕ್ಕಿಬೀಳುತ್ತಾನೆ. ಶಿನೋಗೂ ಅದೇ: ಮನೆತನದ ಹೆಸರು ಓಶಿಮಾ, ಆ ಮೊದಲ ‘ಓ’ ಗಂಟಲು ದಾಟುವುದಿಲ್ಲ. ಒಶಿಮಿ ಹುಡುಗನಾಗಿದ್ದಾಗ ತಾನೂ ಉಗ್ಗುತ್ತಿದ್ದವರು. ಆದರೂ ಕಥೆಯೊಳಗೆ ‘ಉಗ್ಗು’ ಎಂಬ ಪದವನ್ನು ಬೇಕೆಂದೇ ಬಳಸಲಿಲ್ಲ, ಬರೀ ಉಗ್ಗಿನ ಕಥೆ ಅನ್ನಿಸಿಕೊಳ್ಳಬಾರದು ಅಂತ. ಹಾಡುವಾಗ ಶಿನೋಗೆ ತಡೆಯುವುದಿಲ್ಲ, ಅದೂ ನಿಜ. ನನ್ನ ಬಳಿ ಬರುವ ಎಷ್ಟೋ ಮಕ್ಕಳು ಭಾವಗೀತೆ ಸಲೀಸಾಗಿ ಹಾಡಿ, ಆಮೇಲೆ ಊರ ಹೆಸರು ಹೇಳಲು ತಡವರಿಸುತ್ತಾರೆ.

ಅವನ ವಾಕ್ಯವನ್ನು ನೀವು ಮುಗಿಸಬೇಡಿ. ‘ನಿಧಾನ, ಉಸಿರು ಎಳಕೋ’ ಅನ್ನಬೇಡಿ. ಅವನು ಒಪ್ಪಿದರೆ ಉಪನ್ಯಾಸಕರಿಗೆ ತಿಳಿಸಿ, ಸದ್ಯ ಹಾಜರಿಗೆ ಕೈ ಎತ್ತಿದರೆ ಸಾಕು ಅಂತ ಕೇಳಿಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ. ಕರೆದುಕೊಂಡು ಬನ್ನಿ. ಬದುಕಿ ಏನು ಪ್ರಯೋಜನ ಅನ್ನುವ ಥರ ಏನಾದರೂ ಬರೆದರೆ ಅಥವಾ ಅಂದರೆ ಒಬ್ಬನನ್ನೇ ಬಿಡಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ.

ಮಂಡ್ಯದಿಂದ: ನಾಲಗೆಗೆ ಬಜೆ ತೇಯ್ದು ಹಚ್ಚಿ, 21 ದಿನದಲ್ಲಿ ಮಾತು ಸಲೀಸು. ಎಲ್ಲರಿಗೂ ಕಳಿಸಿ.

ಚಿಕಿತ್ಸಕಿ: ಕಳಿಸಬೇಡಿ. ಬಜೆ ತಿನ್ನಿಸಿ ವಾಂತಿ ಮಾಡಿಕೊಂಡ ಕೂಸುಗಳನ್ನು ನೋಡಿದ್ದೇನೆ.

ಮಂಡ್ಯದಿಂದ: ನಮ್ಮ ಅಜ್ಜಿ ಕಾಲದಿಂದ ಇದೆ ಮೇಡಂ.

ಚಿಕಿತ್ಸಕಿ: ಚಿಕ್ಕ ಮಕ್ಕಳಲ್ಲಿ ನೂರಕ್ಕೆ ಸುಮಾರು ಐವರು ಒಂದಲ್ಲ ಒಂದು ಕಾಲಕ್ಕೆ ಉಗ್ಗುತ್ತಾರೆ. ಹೆಚ್ಚಿನವರಿಗೆ ತಾನಾಗಿಯೇ ಬಿಟ್ಟುಹೋಗುತ್ತದೆ. ವಾಸಿಯಾದ ಕೀರ್ತಿ ಮಾತ್ರ ಬಜೆಗೆ ಹೋಯಿತು.

ಧಾರವಾಡದಿಂದ: ಇದಕ್ಕಿಂತ ‘ಕೋಎ ನೋ ಕತಾಚಿ’ ಮಾಂಗಾ ಮೇಲು. 7 ಸಂಪುಟ, ಪಶ್ಚಾತ್ತಾಪ ಅಂದರ ಅದು.

ಉಡುಪಿಯಿಂದ: ಅದರಲ್ಲಿ ಶೋಕೋ ಎಂಬ ಕಿವುಡಿ ಹುಡುಗಿಯ ಕಿವಿಯಿಂದ ಶ್ರವಣಯಂತ್ರ ಕಿತ್ತು ಎಸೆದವ ಶೋಯಾ. ಅವನೇ ನಾಯಕ, ಅವನ ಕಣ್ಣೀರಿಗೆ ನಾವು ಅಳಬೇಕಾ?

ಧಾರವಾಡದಿಂದ: ನೀವು ಪೂರ್ತಿ ಓದಿಲ್ರೀ. ಎದುರಿಗಿದ್ದವರ ಮುಖದ ಮ್ಯಾಲೆಲ್ಲಾ ‘×’ ಗುರುತು ಕಾಣ್ತಾವ ಅವಂಗ. ಯಾರನ್ನೂ ಕಣ್ಣೆತ್ತಿ ನೋಡಲಿಕ್ಕೆ ಆಗೂದಿಲ್ಲ. ಅದು ಶಿಕ್ಷೆ ಅಲ್ಲೇನು?

ಉಡುಪಿಯಿಂದ: ಅವನ ಶಿಕ್ಷೆಯ ಲೆಕ್ಕ ಎಲ್ಲರೂ ಇಡುತ್ತೀರಿ. ಶೋಕೋ ತಾನೇ ಎಲ್ಲರಿಗೂ ಕ್ಷಮೆ ಕೇಳುತ್ತಾ ಬೆಳೆದಳು, ಅದು ನಿಮಗೆ ಕಾಣಲಿಲ್ಲ. ನನ್ನ ಮಗಳೂ ಯಂತ್ರ ಹಾಕುತ್ತಾಳೆ.

ಧಾರವಾಡದಿಂದ: ಮಗಳ ಮಾತು ತಂದು ಬಾಯಿ ಮುಚ್ಚಿಸಬ್ಯಾಡ್ರಿ.

ಚಿಕಿತ್ಸಕಿ: ಆ ಮಾತು ವಾಪಸ್ ತಗೊಳ್ಳಿ. ಅವರು ಕಂಡದ್ದನ್ನು ಹೇಳಿದ್ದಾರೆ. ಯಂತ್ರ ಕಿತ್ತರೆ ಕಿವಿಗೆ ಗಾಯವಾಗಬಹುದು, ಹೊಸದು ಬರುವ ತನಕ ಮಗು ತರಗತಿಯಲ್ಲಿದ್ದೂ ಇಲ್ಲದ ಹಾಗೆ.

ದಾವಣಗೆರೆಯಿಂದ: ಮೇಡಂ, ಉಗ್ಗಿಗೆ ಮಾತ್ರೆ ಯಾವುದು?

ಚಿಕಿತ್ಸಕಿ: ಮೇಲೆ ಓದಿ.

ಕೋಲಾರದಿಂದ: ನಾಲಗೆ ಕೆಳಗಿನ ದಾರ ಕತ್ತರಿಸಿದರೆ?

ಚಿಕಿತ್ಸಕಿ: ಉಗ್ಗಿಗಾಗಿ ಕತ್ತರಿಸಬೇಡಿ. ಇನ್ನು ಮನೆಮದ್ದು ಹಾಕಿದವರಿಗೆ ಉತ್ತರಿಸುವುದಿಲ್ಲ. ಹಾಸನದ ಹುಡುಗಿ ಎಲ್ಲಿ? ಗೋಲಿ ತೆಗೆದೆಯಾ?

ಹಾಸನದಿಂದ: ತೆಗೆದೆ ಮೇಡಂ. ಅಪ್ಪ ಮುನಿಸಿಕೊಂಡಿದ್ದಾರೆ. ಮೈಸೂರಿಗೆ ಬರ್ತೀಯಾ ಅಂದೆ. ‘ಮ... ಮ...’ ಅಂದ, ನಾನು ಮುಗಿಸಲಿಲ್ಲ. ತುಂಬಾ ಹೊತ್ತು ಆಯ್ತು. ‘ಮಂಗಳವಾರ’ ಅಂದ.

ಚಿಕಿತ್ಸಕಿ: ಬೆಳಿಗ್ಗೆ ಒಂಬತ್ತರ ಒಳಗೆ ಬನ್ನಿ. ಪುಸ್ತಕಾನೂ ತರಲಿ.