ಕಣ್ಣು ಬಿಡದ ಬೆಕ್ಕಿನ ಮರಿ ಕಂಡರೆ ಎತ್ತಿಕೊಳ್ಳಬೇಕೇ, ತಾಯಿಗೆ ಬಿಡಬೇಕೇ?

ಮೀಸೆಮರಿ
ಮೂಲೆಯಲ್ಲೋ ಪೊದೆಯಲ್ಲೋ ಬೆಕ್ಕಿನ ಮರಿಗಳು ಸಿಕ್ಕಿವೆ, ಏನು ಮಾಡಲಿ ಅಂತ ಯಾರಾದರೂ ಕೇಳಿದ ಕೂಡಲೇ "ಮುಟ್ಟಬೇಡಿ, ತಾಯಿ ಬರುತ್ತೆ" ಅನ್ನುವ ಉತ್ತರ ಹತ್ತು ಕಡೆಯಿಂದ ಬರುತ್ತದೆ. ಈ ಸಲಹೆ ಅರ್ಧ ಮಾತ್ರ ಸರಿ ಅನ್ನುವುದು ನನ್ನ ವಾದ. ಆಗ ತಾನೇ ಹುಟ್ಟಿದ ಮರಿ ಹೆಚ್ಚುಕಡಿಮೆ 100 ಗ್ರಾಂ ಇರುತ್ತದೆ. ಮೊದಲ ವಾರ ಅದಕ್ಕೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಶಕ್ತಿಯೂ ಇರುವುದಿಲ್ಲ. ಮಳೆಯಲ್ಲಿ ತೊಯ್ದ ಮರಿ, ಇರುವೆ ಮುತ್ತಿದ ಮರಿ, ಕೂಗಿ ಕೂಗಿ ಈಗ ಸುಮ್ಮನಾಗಿರುವ ಮರಿ, ಇವುಗಳಿಗೂ ಅದೇ ಉತ್ತರ ಕೊಟ್ಟರೆ ಅದು ಸಾಯಲು ಬಿಟ್ಟಂತೆ. ಬಲ್ಲವರು ಹೇಳಿ.

ಕಿಟಕಿಬೆಕ್ಕು
ತೊಯ್ದ ಮರಿ, ಇರುವೆ ಮುತ್ತಿದ ಮರಿಯ ವಿಷಯದಲ್ಲಿ ತಕರಾರಿಲ್ಲ, ತಕ್ಷಣ ಎತ್ತಿಕೊಳ್ಳಿ. ಆದರೆ ಜನ ಎತ್ತಿಕೊಂಡು ಬರುವ ಮರಿಗಳಲ್ಲಿ ಎಷ್ಟೋ ಅನಾಥವೇ ಅಲ್ಲ. ತಾಯಿ ಬೇಟೆಗೆ ಹೋಗಿರುತ್ತದೆ. ಅಥವಾ ನೀವು ಅಲ್ಲೇ ನಿಂತಿದ್ದೀರಿ ಅಂತ ಹೆದರಿ ದೂರದಲ್ಲಿ ಕೂತು ನೋಡುತ್ತಿರುತ್ತದೆ. ಒಂದೊಂದೇ ಮರಿಯನ್ನು ಕಚ್ಚಿಕೊಂಡು ಹೊಸ ಜಾಗಕ್ಕೆ ಸಾಗಿಸುತ್ತಿರುವ ಹೊತ್ತಿಗೆ ಉಳಿದೆರಡನ್ನು ನೀವು ಡಬ್ಬಕ್ಕೆ ಹಾಕಿಕೊಂಡು ಹೋಗಿಬಿಟ್ಟರೆ, ಇದ್ದ ತಾಯಿಯನ್ನು ಕಿತ್ತುಕೊಂಡಂತಾಯಿತು.

ಮರಿಗಳನ್ನೇ ಸರಿಯಾಗಿ ನೋಡಿ. ಹೊಟ್ಟೆ ದುಂಡಗಿದೆ, ಕೂದಲು ಶುಚಿಯಾಗಿದೆ, ಒಂದರ ಮೇಲೊಂದು ಬಿದ್ದು ನಿದ್ದೆ ಹೊಡೆಯುತ್ತಿವೆ ಅಂದರೆ ತಾಯಿ ಹಾಲು ಕೊಟ್ಟು ಹೋಗಿ ಹೆಚ್ಚು ಹೊತ್ತಾಗಿಲ್ಲ. ಅನುಮಾನವಿದ್ದರೆ ಗೂಡಿನ ಸುತ್ತ ಒಂದು ಅಡಿ ದೂರದಲ್ಲಿ ಹಿಟ್ಟನ್ನು ತೆಳ್ಳಗೆ ಬಳೆಯ ಆಕಾರದಲ್ಲಿ ಉದುರಿಸಿ ಹೊರಟುಬಿಡಿ. ಎರಡು ಮೂರು ಗಂಟೆ ಬಿಟ್ಟು ಬಂದು ನೋಡಿದರೆ ಹೆಜ್ಜೆ ಗುರುತು ಕಾಣುತ್ತದೆ. ಹಿಟ್ಟೇ ಆಗಬೇಕು. ಇರುವೆ ಪುಡಿ, ಟಾಲ್ಕಮ್ ಪೌಡರ್ ಬೇಡ, ತಾಯಿ ಅಂಗಾಲನ್ನು ನೆಕ್ಕಿಕೊಳ್ಳುತ್ತದೆ.

ಹಸಿರುಕಣ್ಣು
ಮನುಷ್ಯರ ವಾಸನೆ ತಾಗಿದರೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತೆ ಅಲ್ಲವಾ? ಹಾಗಾಗಿ ಪರೀಕ್ಷೆ ಮಾಡಲಿಕ್ಕೂ ಮುಟ್ಟಬಾರದು ಅಂತ ಕೇಳಿದ್ದೇನೆ.

ದನದ ಡಾಕ್ಟರು
ಇಲ್ಲ ಹಸಿರುಕಣ್ಣು ಅವರೇ, ಆ ನಂಬಿಕೆಯಿಂದಲೇ ಎಷ್ಟೋ ಮರಿಗಳು ತಣ್ಣಗಾಗಿ ಸತ್ತಿವೆ. ಮುಟ್ಟಿದ ವಾಸನೆಗೆ ತಾಯಿ ಮರಿಯನ್ನು ತೊರೆಯುವುದಿಲ್ಲ. ಪದೇ ಪದೇ ಹೋಗಿ ಗಲಾಟೆ ಮಾಡಿದರೆ ಗೂಡನ್ನು ಬದಲಾಯಿಸಬಹುದು, ಅಷ್ಟೇ.

ಇಷ್ಟು ಗಂಟೆ ಕಾಯಿರಿ ಅನ್ನುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ತೀರ್ಮಾನಿಸಬೇಕಾದದ್ದು ಮರಿಯ ಮೈ. ಬೆರಳನ್ನು ಮರಿಯ ಬಾಯೊಳಗೆ ಸ್ವಲ್ಪ ಇಡಿ. ಒಳಗೆ ಬೆಚ್ಚಗಿದ್ದು ಬೆರಳನ್ನು ಚೀಪಲು ನೋಡಿದರೆ ದೂರ ನಿಂತು ಕಾಯಲು ಸಮಯವಿದೆ. ಬಾಯಿ ತಣ್ಣಗಿದ್ದರೆ, ವಸಡು ಬಿಳಿಚಿದ್ದರೆ, ಕತ್ತಿನ ಚರ್ಮ ಎತ್ತಿ ಬಿಟ್ಟಾಗ ಹಾಗೇ ನಿಂತರೆ ಒಂದು ನಿಮಿಷವೂ ಕಾಯಬೇಡಿ. ಹೊಕ್ಕುಳಬಳ್ಳಿ ಇನ್ನೂ ಅಂಟಿಕೊಂಡಿದೆಯಾ ನೋಡಿ. ಅದು 3ರಿಂದ 5 ದಿನದೊಳಗೆ ಉದುರುತ್ತದೆ, ಕಣ್ಣು 7ರಿಂದ 14 ದಿನದ ನಡುವೆ ತೆರೆಯುತ್ತದೆ, ಮುಂದಿನ ಪುಟ್ಟ ಹಲ್ಲುಗಳು ಮೂರನೇ ವಾರದ ಹೊತ್ತಿಗೆ. ಬಳ್ಳಿ ಇದ್ದ ಮರಿಗೆ ಕಾಯುವ ಅವಧಿ ಚಿಕ್ಕದು, ಹಲ್ಲು ಬಂದ ಮರಿಗೆ ಹೆಚ್ಚು.

ಜಾಗ ಅಪಾಯದ್ದು, ಆದರೆ ತಾಯಿ ಇದೆ ಅನ್ನಿಸಿದರೆ ಮರಿಗಳನ್ನು ಮನೆಗೆ ತರಬೇಡಿ. ರಟ್ಟಿನ ಡಬ್ಬವನ್ನು ಅಡ್ಡ ಮಲಗಿಸಿ, ಬಟ್ಟೆ ಹಾಸಿ, ಕೆಲವೇ ಅಡಿ ಆಚೆ ಸುರಕ್ಷಿತ ಜಾಗದಲ್ಲಿ ಇಡಿ. ಕೂಗು ಕೇಳಿಸಿಕೊಂಡು ತಾಯಿ ಹುಡುಕಿಕೊಂಡು ಬರುತ್ತದೆ.

ಮೀಸೆಮರಿ
ಡಾಕ್ಟ್ರೇ, ಇದನ್ನೇ ನಾನು ಹೇಳಬೇಕೆಂದಿದ್ದು, ಧನ್ಯವಾದ. ತಣ್ಣಗಾದ ಮರಿಯನ್ನು ತಂದ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಹಾಲು ಕುಡಿಸುವುದು. ಅದರ ಬಗ್ಗೆಯೂ ಬರೆಯಿರಿ.

ದನದ ಡಾಕ್ಟರು
ಅದೇ ದೊಡ್ಡ ತಪ್ಪು. ಮೊದಲು ಶಾಖ, ಆಮೇಲೆ ಹಾಲು. ಮರಿಯ ಮೈ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಕರುಳಿನ ಚಲನೆ ನಿಂತುಬಿಡುತ್ತದೆ. ಕುಡಿಸಿದ ಹಾಲು ಹೊಟ್ಟೆಯಲ್ಲೇ ಕೆಡುತ್ತದೆ, ನುಂಗುವ ಶಕ್ತಿ ಇಲ್ಲದೆ ಶ್ವಾಸಕೋಶಕ್ಕೂ ಇಳಿಯುತ್ತದೆ. ಮೊದಲ ವಾರದ ಮರಿಗೆ ಸಹಜ ಉಷ್ಣಾಂಶ 35ರಿಂದ 37. ದೊಡ್ಡ ಬೆಕ್ಕಿನಂತೆ 38 ದಾಟಬೇಕಿಲ್ಲ.

ಬಾಟಲಿಗೆ ಬಿಸಿನೀರು ತುಂಬಿ ಎರಡು ಸುತ್ತು ಬಟ್ಟೆ ಸುತ್ತಿ ಡಬ್ಬದ ಒಂದೇ ಬದಿಗೆ ಇಡಿ. ಇನ್ನೊಂದು ಬದಿ ಖಾಲಿ ಇರಲಿ, ಬಿಸಿ ಜಾಸ್ತಿಯಾದರೆ ಮರಿ ತೆವಳಿ ಆಚೆ ಹೋಗಬೇಕು. ಒಂದೆರಡು ಗಂಟೆಯಲ್ಲಿ ನಿಧಾನವಾಗಿ ಬೆಚ್ಚಗಾಗಲಿ. ಹೇರ್ ಡ್ರೈಯರ್, ಬಿಸಿನೀರಿನ ಸ್ನಾನ ಬೇಡ. ಬಾಟಲಿ ಆರಿದ ಮೇಲೂ ಹಾಗೇ ಬಿಟ್ಟರೆ ಮರಿಯ ಮೈಯ ಶಾಖವನ್ನೇ ಅದು ಹೀರುತ್ತದೆ, ರಾತ್ರಿ ಹೊತ್ತು ಇದರಿಂದಲೇ ಅನಾಹುತವಾಗುವುದು. ಮೊದಲ ವಾರ ಡಬ್ಬದೊಳಗಿನ ಗಾಳಿ 30ರಿಂದ 32 ಡಿಗ್ರಿ ಇರಬೇಕು. ಮರಿ ತೀರಾ ಸೋತು ಜೋತು ಬಿದ್ದಿದ್ದರೆ ಗ್ಲುಕೋಸ್ ನೀರನ್ನು ಬೆರಳಿನಿಂದ ವಸಡಿಗೆ ಸವರಿ, ಕುಡಿಸಲು ಹೋಗಬೇಡಿ.

ಹಸಿರುಕಣ್ಣು
ಬೆಕ್ಕಿನ ಮರಿಗೆ ಅಂತಲೇ ಬರುವ ಹಾಲಿನ ಪುಡಿ ರಾತ್ರೋರಾತ್ರಿ ಎಲ್ಲಿ ಸಿಗಬೇಕು? ಹಸುವಿನ ಹಾಲಿಗೆ ಅರ್ಧ ನೀರು ಬೆರೆಸಿ ಕೊಟ್ಟರೆ ತಡೆದುಕೊಳ್ಳುತ್ತವೆ ಅಂತ ಹಳಬರು ಹೇಳುತ್ತಾರಲ್ಲ.

ಕಿಟಕಿಬೆಕ್ಕು
ಕೆಲವು ತಡೆದುಕೊಳ್ಳುತ್ತವೆ, ಉಳಿದವು ಭೇದಿ ಹತ್ತಿ ಒಣಗಿ ಸಾಯುತ್ತವೆ. ಬದುಕಿದ್ದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಬೆಕ್ಕಿನ ಹಾಲಿನಲ್ಲಿರುವ ಪ್ರೋಟೀನ್ ಹಸುವಿನ ಹಾಲಿನದಕ್ಕಿಂತ ಸುಮಾರು ಎರಡು ಪಟ್ಟು. ಮೊದಲೇ ಅರ್ಧ ಇರುವುದಕ್ಕೆ ನೀವು ಇನ್ನರ್ಧ ನೀರು ಸೇರಿಸಿದರೆ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಪುಡಿ ಸಿಗುವವರೆಗೆ ಒಂದೆರಡು ಸಲ ಬಣ್ಣ, ರುಚಿ ಇಲ್ಲದ ಓಆರ್‌ಎಸ್ ನೀರನ್ನು ಉಗುರುಬೆಚ್ಚಗೆ ಕೊಟ್ಟು ಬೆಳಿಗ್ಗೆ ಪುಡಿ ತರುವುದು ಮೇಲು.

ಪುಡಿಯನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ. ಗಟ್ಟಿಯಾದರೆ ಮಲಬದ್ಧತೆ, ತೆಳುವಾದರೆ ಹಸಿವು, ಭೇದಿ. ಕಲಸಿದ್ದು ಫ್ರಿಜ್ಜಿನಲ್ಲಿ 24 ಗಂಟೆ, ಆಮೇಲೆ ಚೆಲ್ಲಿ. ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಮೈಕ್ರೋವೇವ್‌ನಲ್ಲಿ ಒಂದು ಕಡೆ ಕುದಿಯುವಷ್ಟು ಬಿಸಿ, ಇನ್ನೊಂದು ಕಡೆ ತಣ್ಣಗೆ ಇರುತ್ತದೆ.

ಮೀಸೆಮರಿ
ಅಳತೆ ಸೇರಿಸುತ್ತೇನೆ. ಮೊದಲ ವಾರ 100 ಗ್ರಾಂ ತೂಕದ ಮರಿಗೆ ಒಂದು ಸಲಕ್ಕೆ 4 ಮಿಲೀ ದಾಟಬಾರದು, ಹೊಟ್ಟೆ ಹಿಡಿಯುವುದೇ ಅಷ್ಟು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಎರಡನೇ ವಾರ ಮೂರ್ನಾಲ್ಕು ಗಂಟೆಗೊಮ್ಮೆ. ಹಸಿದು ಕೂಗುತ್ತಿದೆ ಅಂತ ಜಾಸ್ತಿ ಕುಡಿಸುವುದಕ್ಕಿಂತ ಸ್ವಲ್ಪ ಬೇಗ ಮತ್ತೆ ಕುಡಿಸುವುದು ಸರಿ.

ಕುಡಿಸುವ ಭಂಗಿಯಲ್ಲೇ ಹೆಚ್ಚು ಮರಿಗಳು ಕೈತಪ್ಪುವುದು. ಅಂಗಾತ ಮಲಗಿಸಬೇಡಿ. ಟವೆಲ್ ಮೇಲೆ ಹೊಟ್ಟೆ ಕೆಳಗಾಗಿ ಕೂರಿಸಿ, ತಲೆ ಒಂಚೂರು ಮೇಲೆ. ಸಿರಿಂಜ್ ಬಳಸುವುದಾದರೆ 1 ಮಿಲೀ ಅಥವಾ 3 ಮಿಲೀ ಇರಲಿ, ತುದಿಗೆ ಸಿಲಿಕೋನ್ ನಿಪ್ಪಲ್ ಹಾಕಿ. ಹಳೆಯ ಸಿರಿಂಜಿನ ರಬ್ಬರು ಅಂಟಿಕೊಳ್ಳುತ್ತದೆ. ಒತ್ತಿದರೆ ಹೋಗುವುದಿಲ್ಲ, ಇನ್ನಷ್ಟು ಒತ್ತಿದಾಗ ಥಟ್ಟನೆ ಜಾರಿ ಇದ್ದದ್ದೆಲ್ಲ ಗಂಟಲಿಗೆ ಚಿಮ್ಮುತ್ತದೆ. ಕುಡಿಸುವ ಮೊದಲು ಖಾಲಿ ಸಿರಿಂಜನ್ನು ಎಳೆದು ಒತ್ತಿ ನೋಡಿ, ತಡೆಯುತ್ತಿದ್ದರೆ ಎಸೆಯಿರಿ. ಬಾಟಲಿಯಾದರೆ ತಲೆಕೆಳಗು ಹಿಡಿದಾಗ ಹನಿ ಹನಿಯಾಗಿ ಬೀಳಬೇಕು, ಧಾರೆಯಾದರೆ ತೂತು ದೊಡ್ಡದಾಗಿದೆ. ಮರಿ ಸರಿಯಾಗಿ ಚೀಪಿ ನುಂಗುತ್ತಿದ್ದರೆ ಕಿವಿಗಳು ಲಯಬದ್ಧವಾಗಿ ಅಲುಗುತ್ತವೆ. ಕಿವಿ ನಿಂತಿತು, ಮೂಗಿನಲ್ಲಿ ಹಾಲು ಬಂತು ಅಂದರೆ ತಕ್ಷಣ ನಿಲ್ಲಿಸಿ ತಲೆ ತಗ್ಗಿಸಿ ಒರೆಸಿ. ಆಮೇಲೆ ಉಸಿರಾಟದಲ್ಲಿ ಸದ್ದು ಕೇಳಿಸಿದರೆ ಅವತ್ತೇ ವೈದ್ಯರ ಹತ್ತಿರ ಹೋಗಿ.

ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಉಜ್ಜಬೇಕು. ಸುಮಾರು ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ.

ದನದ ಡಾಕ್ಟರು
ದಿನಾ ಒಂದೇ ಹೊತ್ತಿಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಏರದೆ ನಿಂತರೇ ಎಚ್ಚರ, ಇಳಿದರೆ ಆಸ್ಪತ್ರೆ. ಕಣ್ಣಿಗೆ ಕಾಣುವ ಲಕ್ಷಣಕ್ಕಿಂತ ಒಂದು ದಿನ ಮೊದಲೇ ತಕ್ಕಡಿ ಹೇಳಿಬಿಡುತ್ತದೆ. ಜಂತುಹುಳು ಔಷಧಿ ಎರಡನೇ ವಾರದಿಂದ ಶುರು, ಪ್ರಮಾಣ ತೂಕದ ಮೇಲೆ. ಚಿಗಟ ಇದ್ದರೆ ಸಣ್ಣ ಹಲ್ಲಿನ ಬಾಚಣಿಗೆ ಸಾಕು. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿ ಬೆಕ್ಕಿಗೆ ವಿಷ, ದೊಡ್ಡ ಬೆಕ್ಕಿಗೂ.

ಬೋನುಬುಟ್ಟಿ
ಎಲ್ಲರೂ ಮರಿಯ ಬಗ್ಗೆಯೇ ಮಾತಾಡುತ್ತಿದ್ದೀರಿ, ತಾಯಿಯನ್ನು ಮರೆತಿದ್ದೀರಿ. ಮರಿಗಳನ್ನು ಎತ್ತಿಕೊಂಡು ಹೋದ ಜಾಗಕ್ಕೆ ಕೆಲವೇ ತಿಂಗಳಲ್ಲಿ ಮತ್ತೆ ಹೋಗಬೇಕಾಗುತ್ತದೆ. ಬೆಕ್ಕಿನ ಗಬ್ಬ 63ರಿಂದ 65 ದಿನ. ಹಾಲೂಡಿಸುತ್ತಿರುವಾಗಲೇ ಮತ್ತೆ ಬೆದೆಗೆ ಬರಬಹುದು. ನಾಲ್ಕು ತಿಂಗಳ ಹೆಣ್ಣುಮರಿಯೇ ಗಬ್ಬವಾಗುವುದುಂಟು. ನಿಜವಾಗಿ ನೆರವಾಗಬೇಕೆಂದರೆ ತಾಯಿಯನ್ನು ಹಿಡಿದು ಮತ್ತೆ ಮರಿ ಹಾಕದಂತೆ ಆಪರೇಷನ್ ಮಾಡಿಸಿ ಅದೇ ಜಾಗಕ್ಕೆ ಬಿಡಬೇಕು.

ಕಿಟಕಿಬೆಕ್ಕು
ಹಾಲೂಡಿಸುವ ತಾಯಿಗೆ ಆಪರೇಷನ್ ಮಾಡಿಸಿದರೆ ಹಾಲು ಬತ್ತುವುದಿಲ್ಲವೇ? ಬೋನಿನಲ್ಲಿ ಸಿಕ್ಕಿಬಿದ್ದ ತಾಯಿಯ ಮರಿಗಳು ಎಲ್ಲೋ ಹಸಿದು ಬಿದ್ದಿರುತ್ತವೆ. ಇದನ್ನು ನಾನು ಒಪ್ಪುವುದು ಕಷ್ಟ.

ಬೋನುಬುಟ್ಟಿ
ಹಾಲು ಬತ್ತುವುದಿಲ್ಲ. ಅಂಡಾಶಯ ತೆಗೆದರೂ ಹಾಲು ಉತ್ಪತ್ತಿ ಮುಂದುವರಿಯುತ್ತದೆ. ಎರಡನೇ ಮಾತು ನಿಜ, ಅದಕ್ಕೇ ಸಮಯ ನೋಡಬೇಕು. ಮರಿಗಳು ಐದಾರು ವಾರದವಾಗಿ ಗಟ್ಟಿ ಆಹಾರ ತಿನ್ನಲು ಶುರು ಮಾಡಿದಾಗ ಹಿಡಿಯಿರಿ. ಮೊಲೆಗಳು ದೊಡ್ಡದಾಗಿ ಸುತ್ತ ಕೂದಲು ಉದುರಿದ್ದರೆ ಅದು ಹಾಲೂಡಿಸುವ ಬೆಕ್ಕು. ಮರಿಗಳು ಎಲ್ಲಿವೆ ಅಂತ ಗೊತ್ತಿಲ್ಲದೆ, ಅವು ಚಿಕ್ಕವು ಅನ್ನಿಸಿದರೆ, ಬಿಟ್ಟುಬಿಡಿ.

ಹಿಡಿಯುವ ಹಿಂದಿನ ದಿನ ಆ ಜಾಗದಲ್ಲಿ ಯಾರೂ ಊಟ ಹಾಕಬಾರದು, ಅಕ್ಕಪಕ್ಕದವರಿಗೂ ಹೇಳಿಡಿ. ಎಲ್ಲ ಸಿದ್ಧತೆ ಆದ ಮೇಲೆ ಯಾರೋ ಒಬ್ಬರು ಪ್ರೀತಿಯಿಂದ ತಟ್ಟೆ ತುಂಬಾ ಹಾಕಿ ಹೋಗಿರುತ್ತಾರೆ, ಅಲ್ಲಿಗೆ ಅವತ್ತಿನ ಕೆಲಸ ಮುಗಿಯಿತು. ಬೋನಿನ ತಳಕ್ಕೆ ಪೇಪರ್ ಹಾಸಿ. ವಾಸನೆ ಗಾಢವಾಗಿರುವ ಮೀನನ್ನು ತುಳಿದರೆ ಬಾಗಿಲು ಬೀಳಿಸುವ ತಗಡಿನ ಆಚೆ, ಕೊಟ್ಟಕೊನೆಗೆ ಇಡಿ. ಮುಂದೆ ಇಟ್ಟರೆ ಬೆಕ್ಕು ಕತ್ತು ಚಾಚಿ ತಿಂದು ಹಿಂದೆ ಸರಿಯುತ್ತದೆ. ಬಾಗಿಲು ಬಿದ್ದ ಕ್ಷಣ ದಪ್ಪ ಬಟ್ಟೆ ಮುಚ್ಚಿ, ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ.

ಮೂರನೇ ಮಹಡಿ
ಆಪರೇಷನ್ ಜೊತೆ ಕಿವಿಯನ್ನೂ ಕತ್ತರಿಸುತ್ತಾರಲ್ಲ, ಅದು ಹಿಂಸೆ ಅಲ್ಲವಾ? ಆಪರೇಷನ್ ಆಗಿದೆ ಅನ್ನುವ ಗುರುತಿಗೆ ಕತ್ತಿಗೆ ಬಣ್ಣದ ಪಟ್ಟಿ ಕಟ್ಟಿದರೆ ಆಗದೇ?

ದನದ ಡಾಕ್ಟರು
ಪಟ್ಟಿ ಕೊಂಬೆಗೆ ಸಿಕ್ಕಿಕೊಂಡು ಉಸಿರುಗಟ್ಟುತ್ತದೆ, ಇಲ್ಲವೇ ಬಿದ್ದುಹೋಗುತ್ತದೆ. ಕಿವಿಯ ತುದಿಯನ್ನು ಸುಮಾರು 1 ಸೆಂಟಿಮೀಟರ್ ನೇರವಾಗಿ ತೆಗೆಯುವುದು ಅದೇ ಅರಿವಳಿಕೆಯಲ್ಲಿ, ಬೇಗ ವಾಸಿಯಾಗುತ್ತದೆ. ಗುರುತಿಲ್ಲದಿದ್ದರೆ ಅದೇ ಬೆಕ್ಕನ್ನು ಮತ್ತೆ ಹಿಡಿದು, ಮತ್ತೆ ಅರಿವಳಿಕೆ ಕೊಟ್ಟು, ಹೊಟ್ಟೆ ಕೊಯ್ದು ನೋಡಿದ ಮೇಲೆ ಆಪರೇಷನ್ ಮೊದಲೇ ಆಗಿದೆ ಅಂತ ಗೊತ್ತಾಗುತ್ತದೆ. ಹಿಂಸೆ ಅದು.

ಮೂರನೇ ಮಹಡಿ
ಸರಿ, ಒಪ್ಪಿದೆ. ಇಷ್ಟೆಲ್ಲ ಮಾಡಲು ಎಲ್ಲರಿಗೂ ಆಗುವುದಿಲ್ಲ. ರಕ್ಷಣಾ ತಂಡಗಳು ಇರುವುದೇ ಅದಕ್ಕಲ್ಲವೇ? ಫೋನ್ ಮಾಡಿದರೆ "ಜಾಗವಿಲ್ಲ" ಅನ್ನುತ್ತಾರೆ. ಒಂದು ಮರಿಗೆ ಎಷ್ಟು ಜಾಗ ಬೇಕು ಮಹಾ?

ಬೋನುಬುಟ್ಟಿ
ಜಾಗ ಅಂದರೆ ಅಡಿಗಳ ಲೆಕ್ಕವಲ್ಲ. ಎರಡು ಗಂಟೆಗೊಮ್ಮೆ ಏಳುವ ಒಬ್ಬ ಮನುಷ್ಯ, ಬೇರೆ ಬೆಕ್ಕುಗಳು ಕಾಲಿಡದ ಒಂದು ಕೋಣೆ. ಹೊಸ ಮರಿಯನ್ನು 14 ದಿನ ಪ್ರತ್ಯೇಕ ಇಡಬೇಕು. ಪ್ಯಾನ್‌ಲ್ಯುಕೋಪೀನಿಯಾ ಅನ್ನುವ, ಬೆಕ್ಕುಗಳಿಗೆ ಬೇಗ ಹರಡುವ ವೈರಸ್ ರೋಗ ಹೊತ್ತ ಒಂದು ಮರಿ ಬಂದರೆ ಲಸಿಕೆಯಾಗದ ಮರಿಗಳೆಲ್ಲ ಸಾಯಬಹುದು. ಅದರ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ಒಂದು ವರ್ಷದವರೆಗೂ ಬದುಕುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಜಗ್ಗುವುದಿಲ್ಲ. ಮೊದಲು ಸೋಪಿನಲ್ಲಿ ತೊಳೆದು, 1 ಪಾಲು ಬ್ಲೀಚ್‌ಗೆ 32 ಪಾಲು ನೀರು ಆಗಷ್ಟೇ ಬೆರೆಸಿ, 10 ನಿಮಿಷ ಒದ್ದೆಯಾಗಿ ಬಿಟ್ಟು ತೊಳೆಯಬೇಕು. ಕೊಳೆಯ ಮೇಲೆ ಬ್ಲೀಚ್ ಸುರಿದರೆ ಪ್ರಯೋಜನವಿಲ್ಲ. ಫಿನಾಯಿಲ್ ಬೆಕ್ಕಿಗೆ ವಿಷ, ಅದನ್ನಂತೂ ಬಳಸಬೇಡಿ. "ಜಾಗವಿಲ್ಲ" ಅನ್ನುವ ತಂಡ ಒಳಗಿರುವ ಮರಿಗಳನ್ನು ಕಾಪಾಡುತ್ತಿದೆ. ನನಗೆ ಭಯವಾಗುವುದು ಯಾವತ್ತೂ ಇಲ್ಲ ಅನ್ನದ ತಂಡವನ್ನು ಕಂಡರೆ.

ಮೀಸೆಮರಿ
ಇದಕ್ಕೆ ನನ್ನ ಪೂರ್ತಿ ಬೆಂಬಲ. ಮೂರನೇ ಮಹಡಿಯವರೇ, ನೀವು ಫೋನ್ ಮಾಡಿದಾಗ "ತಗೊಂಡು ಹೋಗಿ" ಅನ್ನುವ ಬದಲು "ಎಂಟು ವಾರ ಆಗುವವರೆಗೆ ನಾನು ಇಟ್ಟುಕೊಳ್ಳುತ್ತೇನೆ, ಲಸಿಕೆ ಮತ್ತು ದತ್ತು ಮನೆ ಹುಡುಕಲು ನೆರವಾಗಿ" ಅಂದು ನೋಡಿ, ಉತ್ತರ ಬೇರೆಯೇ ಬರುತ್ತದೆ. ರಾತ್ರಿ ಏಳಲಾಗದವರು ಹಗಲಿನ ಸರದಿ ವಹಿಸಿಕೊಳ್ಳಬಹುದು, ಆಸ್ಪತ್ರೆಗೆ ಕರೆದೊಯ್ಯುವ ಗಾಡಿ ಓಡಿಸಬಹುದು. ಹಳೇ ಟವೆಲ್, ಪೇಪರ್ ಯಾವಾಗಲೂ ಬೇಕು. ದಾರ ಬಿಟ್ಟ ಟವೆಲ್ ಬೇಡ, ಮರಿಯ ಉಗುರು, ಕಾಲು ಸಿಕ್ಕಿಕೊಳ್ಳುತ್ತವೆ. ಹಣ ಕೊಡುವವರು ಒಮ್ಮೆಗೆ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಚಿಕ್ಕ ಮೊತ್ತ ಕೊಟ್ಟರೆ ತಂಡದವರು ಆಪರೇಷನ್ ದಿನಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬಹುದು.

ಮೂರನೇ ಮಹಡಿ
ಎಂಟು ವಾರ ಯಾಕೆ? ಐದನೇ ವಾರಕ್ಕೆ ತಿನ್ನಲು ಕಲಿತರೆ ಆಗಲೇ ದತ್ತು ಕೊಡಬಹುದಲ್ಲ.

ದನದ ಡಾಕ್ಟರು
ತಿನ್ನುವುದು ಒಂದೇ ಸಾಲದು. ಎರಡರಿಂದ ಏಳನೇ ವಾರದವರೆಗೆ ಮರಿ ಮನುಷ್ಯರನ್ನು, ಒಡಹುಟ್ಟಿದವನ್ನು ನೋಡಿ ಕಲಿಯುತ್ತದೆ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದು ಜೊತೆಯ ಮರಿಯಿಂದಲೇ ಗೊತ್ತಾಗುವುದು. ಮೊದಲ ಲಸಿಕೆ ಆರರಿಂದ ಎಂಟನೇ ವಾರದಲ್ಲಿ, ಆಮೇಲೆ ಮೂರ್ನಾಲ್ಕು ವಾರಕ್ಕೊಮ್ಮೆ 16ನೇ ವಾರದವರೆಗೆ. ಐದನೇ ವಾರಕ್ಕೆ ಕೊಟ್ಟರೆ ಇದೆಲ್ಲ ಹೊಸ ಮನೆಯವರ ತಲೆಗೆ ಬರುತ್ತದೆ, ಬಹಳಷ್ಟು ಸಲ ಮೊದಲ ಲಸಿಕೆಯೇ ತಪ್ಪಿಹೋಗುತ್ತದೆ. ಒಂಟಿ ಮರಿ ಸಿಕ್ಕಿದ್ದರೆ ಅದೇ ವಯಸ್ಸಿನ ಇನ್ನೊಂದು ಮರಿ ಯಾವ ತಂಡದಲ್ಲಿದೆ ಕೇಳಿ. ಎರಡರದ್ದೂ 14 ದಿನದ ಪ್ರತ್ಯೇಕವಾಸ ಮುಗಿದ ಮೇಲೆ ಜೊತೆಗೆ ಬಿಡಿ.